ಕರೀಂಸಾಬರ ಸುಣ್ಣದ ಬೊಟ್ಟು

ಕಲಬುರ್ಗಿಯ ಮೋಮಿನಪುರದಿಂದ ರೋಜಾ ಬಡಾವಣೆಯ ಕಡೆಗೆ ಹೋಗುವ ಒಂದು ಓಣಿಯಲ್ಲಿ ಕರೀಂಸಾಬರ ಶೆಡ್ಡು ಇತ್ತು. ನಾಲ್ಕು ಕಂಬ, ಮೇಲೂ ಸುತ್ತಲೂ ತಗಡು, ಪಡುವಣ ಮಗ್ಗುಲಿಗೆ ಒಂದು ಬೇವಿನ ಮರ. ಬೇಸಿಗೆಯಲ್ಲಿ ಆ ತಗಡಿನ ಮೇಲೆ ಕಾಗೆ ಕೂತರೆ ಹಾರುವ ಹೊತ್ತಿಗೆ ಅರ್ಧ ಬೆಂದಿರುತ್ತಿತ್ತು. ಅಂಥ ತಗಡಿನ ಕೆಳಗೆ ಕರೀಂಸಾಬರು ಮೂವತ್ತೈದು ವರ್ಷ ಅಂಗಾತ ಮಲಗಿ ದುಡಿದರು. ಕಲಬುರ್ಗಿಯಲ್ಲಿ ಅಂಗಾತ ಮಲಗಿ ಹೆಸರು ಮಾಡಿದವರು ಅವರೊಬ್ಬರೇ. ಉಳಿದ ನಾವೆಲ್ಲ ಮಲಗಿದರೆ ಗೊರಕೆ ಹೊಡೆಯುತ್ತೇವೆ, ಅಷ್ಟೆ.

ಗಾಡಿಯ ಮುಂಭಾಗ ಮಾತ್ರ ಅವರದು. ಗಾಲಿ, ಆ್ಯಕ್ಸಲ್, ಗಾಡಿಯ ಭಾರ ಹೊರುವ ಕಮಾನು ಪಟ್ಟಿ, ಸ್ಟೇರಿಂಗ್. ಎಂಜಿನ್ ತಂದರೆ, "ಅದು ಹೊಟ್ಟಿ ಬ್ಯಾನಿ. ಬ್ಯಾರೆ ಹಕೀಮರ ಕಡಿ ಹೋಗ್ರಿ. ನಾ ಕಾಲಿನ ಹಕೀಮ" ಎಂದು ಸಾಗಹಾಕುತ್ತಿದ್ದರು. ಗಾಲಿ ನೆಟ್ಟಗಿದೆಯೋ ಇಲ್ಲವೋ ನೋಡಲು ಆಗ ಯಂತ್ರಗಳು ಬಂದಿರಲಿಲ್ಲ. ಬಂದರೂ ಇವರು ಒಳಗೆ ಬಿಡುತ್ತಿರಲಿಲ್ಲ. ಹಿಂದಿನ ಗಾಲಿಯಿಂದ ಮುಂದಿನ ಗಾಲಿಗೆ ಒಂದು ದಾರ ಎಳೆದು, ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ಒಮ್ಮೆ ನೋಡಿದರೆ ಮುಗಿಯಿತು. ಅವರ ಶೆಡ್ಡಿಗೆ ಎದುರಾಗಿ ನನ್ನ ಸೈಕಲ್ ಅಂಗಡಿ. ಒಂದು ದಿನ ದಾರ ಹಿಡಿದವರು ಹಾಗೇ ತಲೆಯೆತ್ತಿ, "ನಿನ್ನ ಅಂಗಡಿ ಗ್ವಾಡಿ ಅರ್ಧ ಬಟ್ಟು ಬ್ರಹ್ಮಪುರದ ಕಡಿ ವಾಲ್ಯದ" ಅಂದರು. ನಾನು ನಕ್ಕೆ. ಆ ಮಳೆಗಾಲ ಗೋಡೆ ಬಿತ್ತು. ಬಿದ್ದದ್ದು ಬ್ರಹ್ಮಪುರದ ಕಡೆಗೇ. ಅಂದಿನಿಂದ ಅವರು ನನ್ನನ್ನು ದಿಟ್ಟಿಸಿದರೆ ನಾನು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದೆ.

ಅವರದೊಂದು ಪದ್ಧತಿ ಇತ್ತು. ಈ ಕಥೆಗೆಲ್ಲ ಅದೇ ಮೂಲ. ಶೆಡ್ಡಿಗೆ ಬಂದ ಗಾಡಿ, ಅದು ಯಾರದೇ ಇರಲಿ, ಪಡುವಣಕ್ಕೆ ಮುಖ ಮಾಡಿ ನಿಲ್ಲಬೇಕು. ತಾವು ದಿನಕ್ಕೈದು ಸಲ ಯಾವ ಕಡೆ ತಿರುಗುತ್ತಾರೋ ಗಾಡಿಯೂ ಆ ಕಡೆಗೇ. "ಹಂಗ ನಿಂತ್ರ ಬೋಲ್ಟು ಸಡ್ಲ ಆಗ್ತಾವ, ಹಟ ಮಾಡಂಗಿಲ್ಲ" ಎಂಬುದು ಅವರ ನಂಬಿಕೆ. ಬಿಚ್ಚಿದ ಸಾಮಾನಿಗೆಲ್ಲ ಪಡುವಣದ ಮಗ್ಗುಲಿಗೆ ಒಂದು ಸುಣ್ಣದ ಬೊಟ್ಟು. ತಿರುಗಿ ಕಟ್ಟುವಾಗ ಬೊಟ್ಟು ಇದ್ದ ಕಡೆ ಮುಂದೆ, ಇಲ್ಲದ ಕಡೆ ಹಿಂದೆ. ಇಷ್ಟೇ ಲೆಕ್ಕ. ಬೊಟ್ಟಿಗೆ ಸುಣ್ಣ ಬೇರೆಲ್ಲಿಂದ ಬರಬೇಕು? ಮನೆಯಾಕೆ ಫರೀದಾಬಿಯವರ ಪಾನದಾನದಿಂದ.

"ನನ್ನ ಬಾಯಿಗಿಂತ ನಿಮ್ಮ ಲಾರಿಗಳೇ ಹೆಚ್ಚು ಸುಣ್ಣ ತಿಂತಾವ" ಎಂದು ಆಕೆ ಗೊಣಗುವರು. "ಅವುಕ್ಕ ಎಲಿ ಅಡಿಕಿನೂ ಕೊಟ್ಟುಬಿಡ್ರಿ."

"ಉಗುಳಲಿಕ್ಕಿ ಅವುಕ್ಕ ಬಾಯಿಲ್ಲ ಬೇಗಂ" ಎಂಬುದು ಇವರ ಜವಾಬು.

ಹೀಗೆ ಬೊಟ್ಟಿಟ್ಟು ಕಟ್ಟಿದ ಗಾಡಿ ಮೂವತ್ತೈದು ವರ್ಷದಲ್ಲಿ ಒಂದೂ ಸೊಟ್ಟ ಹೋದದ್ದಿಲ್ಲ. ಕರೀಂಸಾಬರು ಕಟ್ಟಿದ ಲಾರಿಯಲ್ಲಿ ಡ್ರೈವರ್ ಹುಮನಾಬಾದಿನಲ್ಲಿ ನಿದ್ದೆ ಹೋಗಿ ಹೈದರಾಬಾದಿನಲ್ಲಿ ಎದ್ದನಂತೆ, ಲಾರಿ ಒಂದು ಕಲ್ಲನ್ನೂ ಮುಟ್ಟಿರಲಿಲ್ಲವಂತೆ. ಇದನ್ನು ನಾನೇ ಹಬ್ಬಿಸಿದೆ ಎಂದು ಕೆಲವರು ಹೇಳುತ್ತಾರೆ. ಹಬ್ಬಿಸಿದ್ದು ನಿಜ, ಆದರೆ ಜನ ನಂಬಿದ್ದು ಕರೀಂಸಾಬರ ಹೆಸರಿಗೆ.

ತೊಂಬತ್ತಾರನೇ ಇಸವಿಯ ಬೇಸಿಗೆ. ಬಂದೇನವಾಜರ ದರ್ಗಾದ ಉರುಸು ಬಂದಿತ್ತು. ನಮ್ಮ ಓಣಿಯಲ್ಲಿ ಬಳೆ, ಮಿಠಾಯಿ, ಅತ್ತರು, ಆಟಿಕೆ ಎಲ್ಲ ಬಂದು ಕೂತು, ಮನುಷ್ಯ ಒಳಗೆ ಉಸಿರೆಳೆದರೆ ಹೊರಗೆ ಬಿಡಲು ಸರದಿ ಕಾಯಬೇಕಿತ್ತು. ಅಂಥ ಹೊತ್ತಿನಲ್ಲಿ ಕಮಲಾಪುರದ ದೇವಿಂದ್ರಪ್ಪ ತನ್ನ ಪಿಕಪ್ ಗಾಡಿ ಎಳೆಸಿಕೊಂಡು ಬಂದ.

ದೇವಿಂದ್ರಪ್ಪನದು ಕಮಲಾಪುರದ ಕೆಂಪು ಬಾಳೆಹಣ್ಣನ್ನು ಕಲಬುರ್ಗಿ ಪೇಟೆಗೆ ತಂದು ಹಾಕುವ ಕಸುಬು. ಆ ಹಣ್ಣು ತಿಳಿಯದವರಿಗೆ ಹೇಳುತ್ತೇನೆ: ಮುಂಜಾನೆ ಒಂದು ತಿಂದರೆ ಸಂಜೆಯ ತನಕ ಹಸಿವೆಯ ಹೆಸರೇ ಮರೆತುಹೋಗುತ್ತದೆ. ಹುಡುಗನಿಗೆ ಇಪ್ಪತ್ತೆಂಟು ವರ್ಷ, ಕೊರಳಲ್ಲಿ ಲಿಂಗ, ಮುಖದಲ್ಲಿ ಸಂಕೋಚ. ಬೀಡಿ ಇಲ್ಲ, ಎಲೆ ಅಡಿಕೆ ಇಲ್ಲ, ಮಜ್ಜಿಗೆ ಸ್ವಲ್ಪ ಹುಳಿಯಾಗಿದ್ದರೆ "ನಶಾ ಏರ್ತದೇನೋ" ಎಂದು ಬದಿಗಿಡುವ ಜಾತಿ. ಮಹಾಗಾಂವ ಕ್ರಾಸಿನ ಆಚೆ ರಸ್ತೆಯಲ್ಲಿ ಒಂದು ತಗ್ಗು ಬಿದ್ದಿತ್ತು. ಅದರೊಳಗೆ ಎಮ್ಮೆ ಮಲಗಿದರೆ ಕೊಂಬು ಮಾತ್ರ ಕಾಣುವಷ್ಟು ಆಳ. ಹಣ್ಣು ತುಂಬಿದ ಗಾಡಿ ಅದರಲ್ಲಿ ಇಳಿದು, ಮುಂದಿನ ಎರಡೂ ಕಡೆಯ ಕಮಾನು ಪಟ್ಟಿ ಮುರಿದುಕೊಂಡಿತ್ತು.

ಓಣಿಯ ಕಡೆಯಿಂದ ಗಾಡಿ ಒಳಗೆ ಬರಲು ಜಾಗವೇ ಇಲ್ಲ. ಬಾಗಿಲಿಗೇ ಬಳೆ ಅಂಗಡಿ. ಕರೀಂಸಾಬರು ಬೇವಿನ ಮರದ ಪಕ್ಕದ ತಗಡಿನ ಹಿಂಬಾಗಿಲು ತೆಗೆಸಿ ಆ ಕಡೆಯಿಂದ ನೂಕಿಸಿದರು. ಗಾಡಿ ಒಳಗೆ ನಿಂತಿತು. ಎರಡು ದಿನ ಕೆಲಸ. ಕಮ್ಮಾರನ ಹತ್ತಿರ ಪಟ್ಟಿ ಹೊಸದಾಗಿ ಹೊಡೆಸಿ, ಗಾಲಿ ಹೊರಳುವ ಕಿಂಗ್ ಪಿನ್ ಬದಲಿಸಿ, ಎರಡೂ ಗಾಲಿ ಜೋಡಿಸುವ ಟೈ ರಾಡಿನ ಗುಂಡುಗಳನ್ನೂ ಹೊಸದು ಹಾಕಿ, ದಾರ ಎಳೆದು, "ಒಯ್ಯಿ ತಮ್ಮಾ, ಇನ್ನ ಹತ್ತು ವರ್ಷ ಇತ್ಲಾಗ ಬರಬ್ಯಾಡ" ಎಂದು ಕಳಿಸಿದರು.

ಹತ್ತು ವರ್ಷ ಅಂದದ್ದು ಹತ್ತು ದಿನಕ್ಕೆ ಇಳಿಯಿತು. ಒಂದು ಗುರುವಾರ ದೇವಿಂದ್ರಪ್ಪ ಬಂದು ಶೆಡ್ಡಿನ ಮುಂದೆ ನಿಂತ. ಮುಖ ನೋಡಿದರೆ ಗಾಡಿಗಿಂತ ಅವನಿಗೇ ರಿಪೇರಿ ಬೇಕಿತ್ತು.

"ಉಸ್ತಾದ್ರಿ, ನನ್ನ ಹೆಂಡ್ತಿ ಹೋಗ್ಯಾಳ್ರಿ."

ಕರೀಂಸಾಬರು ಎದ್ದು ಕೂತರು. "ಎಲ್ಲಿಗಿ?"

"ತೌರಮನಿಗ್ರಿ. ಮಹಾಗಾಂವಕ್ಕ. ಮಾವ ಬಂದು ಕರಕೊಂಡು ಹೋದ್ರು. ನಾ ಕುಡೀತೀನಂತ್ರಿ."

"ನೀ? ಕುಡೀತಿ?"

"ನಾ ಅಲ್ರಿ, ಗಾಡಿ ಕುಡದಂಗ ಹೋಗಾಕತ್ತದ. ಮಂದಿ ನನ್ನ ಹೆಸರು ಹೇಳಾಕತ್ತಾರ."

ಸಂಗತಿ ಇಷ್ಟು. ರಿಪೇರಿಯಾದ ದಿನದಿಂದ ಪಿಕಪ್ಪು ರಸ್ತೆಯ ಮೇಲೆ ಹಾವಿನ ಹಾಗೆ ಹೊರಳುತ್ತಿತ್ತು. ಸ್ಟೇರಿಂಗ್ ಹಗುರ, ಹತ್ತಿಯ ಹಾಗೆ. ಎಡಕ್ಕೆ ತಿರುಗಿಸಿದರೆ ಎಡಕ್ಕೇ ಹೋಗಿ ಕೂಡುವುದು, ತಾನಾಗಿ ನಡುವಿಗೆ ಮರಳದು. ಬಲಕ್ಕೆ ಎಳೆದರೆ ಬಲಕ್ಕೆ ದೌಡು. ಎದುರು ಬಂದ ಬಸ್ಸಿನವನೊಬ್ಬ ತೊಗರಿ ಕಿತ್ತ ಹೊಲಕ್ಕೆ ಇಳಿದು ನಿಂತು, ಇವನು ದಾಟಿದ ಮೇಲೆ ಕೈಮುಗಿದನಂತೆ. ಕುರಿಗಳು ಇವನ ಹಾರನ್ ಕೇಳಿದರೆ ಗಿಡ ಹತ್ತುತ್ತಿದ್ದವಂತೆ. ಕುರಿ ಗಿಡ ಹತ್ತುವುದು ನಾನು ನೋಡಿಲ್ಲ, ದೇವಿಂದ್ರಪ್ಪ ಸುಳ್ಳು ಹೇಳುವವನಲ್ಲ.

ಅವನ ಮಾವ ಅಣವೀರಪ್ಪನವರು ಮಹಾಗಾಂವ ಕ್ರಾಸಿನ ಕಟ್ಟೆಯ ಮೇಲೆ ದಿನಾ ಕೂಡುವವರು. ಸ್ವಂತ ತಮ್ಮ ಕುಡಿದು ಕುಡಿದೇ ಮುಗಿದದ್ದನ್ನು ಕಂಡ ಮನುಷ್ಯ. ಅಳಿಯನ ಗಾಡಿ ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಹೊಯ್ದಾಡುತ್ತ ಹೋಗುವುದನ್ನು ಮೂರು ದಿನ ನೋಡಿದರು, ನಾಲ್ಕನೆಯ ದಿನ ಬಸ್ಸು ಹತ್ತಿ ಕಮಲಾಪುರಕ್ಕೆ ಹೋಗಿ ಮಗಳು ಅಂಬಮ್ಮನನ್ನು ಕರೆದುಕೊಂಡು ಬಂದರು.

"ನೀ ಏನಂದಿ ಅವರಿಗಿ?" ಎಂದು ಕರೀಂಸಾಬರು ಕೇಳಿದರು.

"ಕುಡದಿಲ್ಲ ಅಂದೆ. ಹಂಗಾರ ಗಾಡಿ ಯಾಕ ಹಿಂಗ ಹೋಗ್ತದ ಅಂದ್ರು. ಗಾಡ್ಯಾಗ ಏನೂ ತಪ್ಪಿಲ್ರಿ, ಮೊನ್ನಿ ಕರೀಂ ಉಸ್ತಾದ್ರು ಮಾಡಿಕೊಟ್ಟಾರ ಅಂದೆ."

"ಅದಕ್ಕ?"

"ಅದೇ ತಪ್ಪಾತು ನೋಡ್ರಿ. ಮಾವ ಅಂದ್ರು, ಕರೀಂಸಾಬ್ರು ಕಟ್ಟಿದ ಗಾಡಿ ಸೊಟ್ಟ ಹೋಗಂಗಿಲ್ಲ. ಸೊಟ್ಟ ಹೋಗ್ಯದಂದ್ರ ಡ್ರೈವರಾನೇ ಸೊಟ್ಟ. ಬರೋ ಸೋಮವಾರ ನಾಲ್ಕು ಮಂದಿ ಹಿರಿಯರನ್ನ ಕೂಡಸ್ತಾರಂತ್ರಿ. ಅಷ್ಟರೊಳಗ ನಾ ಕುಡ್ಯಂಗಿಲ್ಲಂತ ತೋರಸಬೇಕು, ಇಲ್ಲಾಂದ್ರ ಆಕಿನ್ನ ಕಳಸಂಗಿಲ್ಲಂತ."

ಕುಡಿದವನು ಕುಡಿದದ್ದನ್ನು ತೋರಿಸುವುದು ಸುಲಭ. ಕುಡಿಯದವನು ಕುಡಿಯದಿರುವುದನ್ನು ಏನೆಂದು ತೋರಿಸಬೇಕು? ಕರೀಂಸಾಬರ ಹೆಸರೇ ಆ ಹುಡುಗನ ವಿರುದ್ಧ ಸಾಕ್ಷಿ ನಿಂತಿತ್ತು. ಹೇಳಲು ನಾಚಿಕೆ, ಆದರೆ ಹೇಳಿಬಿಡುತ್ತೇನೆ: ಕರೀಂಸಾಬರೂ ಒಂದು ಗಳಿಗೆ ಆ ಸಾಕ್ಷಿಯನ್ನೇ ನಂಬಿದರು.

"ಬಾಯಿ ತಗಿ" ಅಂದರು.

ದೇವಿಂದ್ರಪ್ಪ ಬಾಯಿ ತೆಗೆದ. ಕರೀಂಸಾಬರು ಮೂಗು ಒಳಗೇ ಹಾಕುವಷ್ಟು ಹತ್ತಿರ ಹೋಗಿ ಮೂಸಿ, ನನ್ನನ್ನು ಕರೆದರು. "ನೀನೂ ಬಾ. ನಂಗ ನೆಗಡಿ ಅದ." ನಾನೂ ಮೂಸಿದೆ. ಬಾಳೆಹಣ್ಣಿನ ವಾಸನೆ, ಅಷ್ಟೆ.

"ಬಾಳಿಹಣ್ಣ" ಅಂದೆ.

"ನಂಗೂ ಹಂಗ ಬಂತು" ಎಂದು ಕರೀಂಸಾಬರು ನಿಟ್ಟುಸಿರು ಬಿಟ್ಟರು. ಅದು ಸಮಾಧಾನದ ಉಸಿರೋ ಹೆದರಿಕೆಯ ಉಸಿರೋ ನನಗೆ ತಿಳಿಯಲಿಲ್ಲ. ಡ್ರೈವರ್ ನೆಟ್ಟಗಿದ್ದರೆ ಸೊಟ್ಟ ಇರುವುದು ಯಾವುದು?

ಗುರುವಾರ ಮಧ್ಯಾಹ್ನ ಹುಡುಕಾಟ ಶುರುವಾಯಿತು. ಮುಂದಿನ ಗಾಲಿಗಳನ್ನು ಜಾಕ್ ಮೇಲೆ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಿಸಿದರು. ಕಿಂಗ್ ಪಿನ್ ಗಟ್ಟಿ. ಎಡಬಲಕ್ಕೆ ಹಿಡಿದು ಅಲುಗಿಸಿದರು. ಟೈ ರಾಡ್ ಗಟ್ಟಿ. ಬೇರಿಂಗಿನಲ್ಲಿ ಕೂದಲಿನಷ್ಟೂ ಸಡಿಲಿಲ್ಲ. ಗಾಲಿಯ ಗಾಳಿ ಸರಿ. ಸ್ಟೇರಿಂಗಿನ ಡಬ್ಬಿ ಬಿಚ್ಚಿ ಗ್ರೀಸಿನಲ್ಲಿ ಬೆರಳಾಡಿಸಿದರು. ಸರಿ. ದಾರ ಎಳೆದರು, ಕಣ್ಣು ಮುಚ್ಚಿದರು. ನೂಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ದಾರವೇ ಸೊಟ್ಟಾಯಿತೇನೋ ಎಂದು ಹೊಸ ದಾರ ತರಿಸಿದರು. ಶುಕ್ರವಾರ ನಮಾಜು ಮುಗಿಸಿ ಬಂದು ಎಲ್ಲವನ್ನೂ ಮೊದಲಿನಿಂದ ಮತ್ತೊಮ್ಮೆ ನೋಡಿದರು. ಹಿಂದಿನ ಗಾಲಿ ಮುಂದಕ್ಕೆ, ಮುಂದಿನದು ಹಿಂದಕ್ಕೆ ಹಾಕಿ ನೋಡಿದರು. ಗಾಡಿ ನಿಂತಲ್ಲಿ ದೇವರ ಹಾಗೆ ನಿಂತಿತ್ತು, ಓಡಿದರೆ ಮಾತ್ರ ಓಲಾಡುತ್ತಿತ್ತು.

ಆ ಎರಡು ದಿನ ಕರೀಂಸಾಬರು ಊಟ ಬಿಟ್ಟರು. ಫರೀದಾಬಿಯವರು ಡಬ್ಬಿ ತಂದು ಗಾಡಿಯ ಕೆಳಗೆ ಸರಿಸಿ, ಅದು ಹಾಗೇ ಹೊರಗೆ ಸರಿದು ಬರುವುದನ್ನು ನೋಡಿ, "ಗಾಡಿಗಿ ಗುಣ ಆಗೂದ್ರೊಳಗ ಹಕೀಮನೇ ಮಲಗ್ತಾನ" ಅಂದರು.

ಶನಿವಾರ ಮುಂಜಾನೆ ಕರೀಂಸಾಬರು ಬೋಲ್ಟು ಬಿಚ್ಚುವ ಪಾನಾಗಳ ಚೀಲ, ಜಾಕು, ಒಂದು ಗೋಣಿ ಎತ್ತಿ ಪಿಕಪ್ಪಿಗೆ ಹಾಕಿದರು. "ನಡಿ ತಮ್ಮಾ ಕಮಲಾಪುರಕ್ಕ. ನಿಂತ ಗಾಡಿ ನಂಗ ಸುಳ್ಳ ಹೇಳಾಕತ್ತದ. ಓಡೋವಾಗ ಕೇಳ್ತೀನಿ." ನನಗೂ ಹತ್ತು ಅಂದರು. ಮುಂದೆ ಎರಡೇ ಸೀಟು, ಆದ್ದರಿಂದ ನಾನು ಹಿಂದೆ, ಖಾಲಿ ಬಾಳೆ ಬುಟ್ಟಿಗಳ ನಡುವೆ.

ಮೂವತ್ತೈದು ಕಿಲೋಮೀಟರಿನ ದಾರಿ. ಗಾಡಿ ಹೊರಳಿದ ದಾರಿಯನ್ನೆಲ್ಲ ಎಳೆದು ನೆಟ್ಟಗೆ ಮಾಡಿದರೆ ಸೊಲ್ಲಾಪುರ ಮುಟ್ಟುತ್ತಿದ್ದೆವು. ನಾನು ಒಮ್ಮೆ ಎಡಗಡೆಯ ಬುಟ್ಟಿಯೊಳಗೆ, ಒಮ್ಮೆ ಬಲಗಡೆಯ ಬುಟ್ಟಿಯೊಳಗೆ. ಮುಂದೆ ಕರೀಂಸಾಬರು ಕಣ್ಣುಮುಚ್ಚಿ ಕೂತಿದ್ದರು. ಹಾಗೆ ಕೂತ ಜಾಗದಿಂದಲೇ ಗಾಡಿಯನ್ನು ಓದುವುದು ಅವರ ಅಭ್ಯಾಸ. ಮಹಾಗಾಂವ ಕ್ರಾಸು ಬಂತು. ಕಟ್ಟೆಯ ಮೇಲೆ ಬಿಳಿ ಧೋತರ, ಬಿಳಿ ಟೋಪಿಯ ಅಣವೀರಪ್ಪನವರು ಕಂಡರು. ದೇವಿಂದ್ರಪ್ಪನಿಗೆ ನಮಸ್ಕಾರ ಮಾಡುವ ಆಸೆ, ಒಂದು ಕೈ ಬಿಟ್ಟರೆ ಗಾಡಿ ಭಜಿ ಅಂಗಡಿಯೊಳಗೆ. ಕೈ ಎತ್ತಲಿಲ್ಲ. ಮಾವ ಮುಖ ತಿರುಗಿಸಿದರು.

ಕಮಲಾಪುರದಲ್ಲಿ ಬಾಳೆ ಇಳಿಸುವ ಅಂಗಳ ಒಂದು ಸಂದಿಯ ಕೊನೆಗೆ. ಎರಡೂ ಕಡೆ ಕಳ್ಳಿ ಬೇಲಿ. ಒಳಗೆ ಗಾಡಿ ತಿರುಗಿಸಲು ಜಾಗವಿಲ್ಲ, ನೂರು ಹೆಜ್ಜೆ ಹಿಂದಕ್ಕೇ ಹೋಗಬೇಕು. ನಾನು ಹಿಂದೆ ಕೂತವನು, ಇನ್ನು ಕಳ್ಳಿಯ ಮುಳ್ಳು ಆರಿಸುವುದೇ ನನ್ನ ಪಾಲು ಎಂದು ತಲೆಗೆ ಬುಟ್ಟಿ ಹಾಕಿಕೊಂಡೆ. ಏನೂ ಆಗಲಿಲ್ಲ. ಬುಟ್ಟಿ ಎತ್ತಿ ನೋಡಿದರೆ, ಗಾಡಿ ಹಿಂದಕ್ಕೆ ದಾರ ಎಳೆದ ಹಾಗೆ ಹೊರಟಿದೆ! ದೇವಿಂದ್ರಪ್ಪ ಒಂದು ಕೈಯಿಂದ ಸ್ಟೇರಿಂಗ್ ಹಿಡಿದು, ಇನ್ನೊಂದು ಕೈಯಿಂದ ಬೆವರು ಒರೆಸಿಕೊಳ್ಳುತ್ತಿದ್ದಾನೆ.

ಕರೀಂಸಾಬರು ಕಣ್ಣು ತೆರೆದರು.

"ನಿಲ್ಲಸು. ಹಿಂದಕ್ಕ ಹೋಗುವಾಗ ದಿನಾ ಹಿಂಗೇನು?"

"ಹೌದ್ರಿ. ಹಿಂದಕ್ಕ ಭಾಳ ಶ್ಯಾಣ್ಯಾ ಅದ. ಮುಂದಕ್ಕ ಹೊಂಟ್ರ ಮಾತ್ರ ಹುಚ್ಚು."

"ಇದನ್ನ ಮೊದಲ ಯಾಕ ಹೇಳಲಿಲ್ಲೋ ಮಾರಾಯ?"

"ಸೊಟ್ಟ ಹೋಗೋದು ಕೇಳಿದ್ರಿ, ಹೇಳಿದೆ. ನೆಟ್ಟಗ ಹೋಗೋದು ಯಾರೂ ಕೇಳಲಿಲ್ರಿ."

"ಸ್ಟೇರಿಂಗ್ ಬಿಡು. ಹಿಂದಕ್ಕ ತಗೊ." ಬಿಟ್ಟ. ಗಾಡಿ ಇನ್ನೂ ನೆಟ್ಟಗೆ ಹಿಂದಕ್ಕೆ ಹೋಯಿತು. "ಮುಂದಕ್ಕ." ನಾಲ್ಕು ಮಾರು ಹೋಗುವುದರೊಳಗೆ ಕಳ್ಳಿಯ ಕಡೆಗೆ ಮೂತಿ ತಿರುಗಿಸಿತು. ಕರೀಂಸಾಬರು ಕೆಳಗಿಳಿದು ಬಾನೆಟ್ಟಿನ ಮುಂದೆ ನಿಂತು ಬಹಳ ಹೊತ್ತು ಅದರ ಮುಖ ನೋಡಿದರು.

"ಈ ಗಾಡಿ ತನ್ನ ಬೆನ್ನಾನೇ ಮುಖ ಅಂತ ತಿಳಕೊಂಡದ" ಅಂದರು.

ಆಮೇಲೆ ಗೋಣಿ ಹಾಸಿ ಕೆಳಗೆ ಹೋದವರು ಹೊರಗೆ ಬರಲೇ ಇಲ್ಲ. ಬಡಿಯುವ ಸದ್ದಿಲ್ಲ, ಬೈಯುವ ಸದ್ದಿಲ್ಲ. ನಾನೂ ಬಗ್ಗಿ ಪಕ್ಕಕ್ಕೆ ಹೋಗಿ ಮಲಗಿದೆ. ಅವರ ಬೆರಳು ಒಂದು ಕಬ್ಬಿಣದ ತುಂಡಿನ ಮೇಲೆ ನಿಂತಿತ್ತು. ಕಮಾನು ಪಟ್ಟಿಗೂ ಆ್ಯಕ್ಸಲ್ಲಿಗೂ ನಡುವೆ ಕೂಡುವ ಬೆಣೆ ಅದು. ಅಂಗೈಯಷ್ಟಗಲ, ಒಂದು ಅಂಚು ದಪ್ಪ, ಇನ್ನೊಂದು ತೆಳ್ಳಗೆ. ದಪ್ಪ ಅಂಚಿನ ಮೇಲೆ ಒಂದು ಸುಣ್ಣದ ಬೊಟ್ಟು. ಬೊಟ್ಟು ತನ್ನ ಜಾಗದಲ್ಲೇ, ಮುಂದೆ ಇತ್ತು. ಇನ್ನೊಂದು ಕಡೆಯ ಬೆಣೆಯೂ ಹಾಗೆಯೇ.

ಸೈಕಲ್ಲಿನವನಾದ ನನಗೆ ಅಷ್ಟು ನೋಡಿದರೆ ಸಾಕಾಯಿತು. ಸೈಕಲ್ಲಿನ ಮುಂದಿನ ಫೋರ್ಕಿನ ತಲೆ ಹಿಂದಕ್ಕೆ ಒರಗಿರುತ್ತದೆ, ಅದಕ್ಕೇ ಕೈ ಬಿಟ್ಟರೂ ಸೈಕಲ್ ನೆಟ್ಟಗೆ ಹೋಗುತ್ತದೆ. ಗಾಡಿಯ ಗಾಲಿಗೂ ಅದೇ ಒರಗು ಬೇಕು. ಆ ಒರಗು ಕೊಡುವುದೇ ಬೆಣೆಯ ಕೆಲಸ. ದಪ್ಪ ಅಂಚು ಹಿಂದಿದ್ದರೆ ಗಾಲಿ ಹಿಂದಕ್ಕೆ ಒರಗಿ ಮಾತು ಕೇಳುತ್ತದೆ. ಮುಂದಾದರೆ ಒರಗು ತಿರುಗಾಮುರುಗಾ. ಮುಂದಕ್ಕೆ ಹೋಗುವಾಗ ಹೊಯ್ದಾಟ, ಹಿಂದಕ್ಕೆ ಹೋಗುವಾಗ ಶಿಸ್ತು.

"ಉರುಸು" ಎಂದು ಕರೀಂಸಾಬರು ಮೆಲ್ಲಗೆ ಅಂದರು. "ಹಿಂಬಾಗಿಲಿಂದ ತಂದಿದ್ವಿ. ತಿರುಗಸಾಕ ಜಾಗ ಇದ್ದಿಲ್ಲ, ಈ ಗಾಡಿ ಮೂಡಣಕ್ಕ ಮುಖ ಮಾಡಿ ನಿಂತಿತ್ತು. ನಾ ರೂಢಿ ಪ್ರಕಾರ ಪಡುವಣ ಮಗ್ಗಲಿಗೇ ಬೊಟ್ಟಿಟ್ಟೆ. ಅದು ಇದರ ಬೆನ್ನಿನ ಕಡಿ, ಕಟ್ಟೋವಾಗ ಬೊಟ್ಟು ಮುಂದ ಮಾಡೀನಿ."

ಉಳಿದ ಸಾಮಾನೆಲ್ಲ ತನ್ನ ಜಾಗಕ್ಕೆ ಮಾತ್ರ ಹೊಂದುತ್ತದೆ, ತಿರುಗಾ ಹಾಕಲು ಹೋದರೆ ಒಪ್ಪುವುದಿಲ್ಲ. ಈ ಬೆಣೆಯೊಂದು ಎರಡೂ ಕಡೆಗೆ ಕೂಡುತ್ತದೆ. ಕೂತಿತ್ತು.

ನಾನು ಸುತ್ತ ನೋಡಿದೆ. ದೇವಿಂದ್ರಪ್ಪ ನೀರು ತರಲು ಹೋಗಿದ್ದ. "ಕರೀಂಭಾಯ್, ಒಂದು ತಾಸಿನ ಕೆಲಸ. ಈಗ ತಿರುಗಿಸಿಬಿಡ್ರಿ. ಏನೋ ಒಂದು ಬೋಲ್ಟ್ ಸಡ್ಲ ಇತ್ತು ಅಂತ ಹೇಳ್ರಿ. ಯಾರಿಗಿ ಗೊತ್ತಾಗ್ತದ?"

"ಯಾರಿಗೂ ಗೊತ್ತಾಗಂಗಿಲ್ಲ."

"ಮತ್ತ?"

"ನಾಳಿ ಗಾಡಿ ನೆಟ್ಟಗ ಹೋಗ್ತದ. ಆ ಮಾವ ಏನಂತಾನ? ಅಳಿಯ ಹೆದರಿ ಕುಡಿಯೋದು ಬಿಟ್ಟ ಅಂತಾನ. ಕುಡೀಲಾರದವನಿಗಿ ಬಿಟ್ಟ ಅನ್ನೋ ಹೆಸರು ಯಾಕ ಬೇಕು? ನಾಳಿ ಒಂದು ತಗ್ಗಿನ್ಯಾಗ ಗಾಡಿ ಜಿಗದ್ರ ಮತ್ತ ಶುರು ಮಾಡ್ಯಾನ ಅಂತಾರ. ಸಾಯೋತನಕ ಅವನ ಹೆಂಡ್ತಿ ಅವನ ಬಾಯಿ ಮೂಸಬೇಕೇನು?" ಬೆಣೆಯ ಮೇಲಿನ ಬೆರಳು ತೆಗೆದು ಅಂದರು: "ಸೊಟ್ಟ ಇರೋವಾಗಲೇ ತೋರಸಬೇಕು. ನಡಿ."

ಬಿಚ್ಚದೆ, ಮುಟ್ಟದೆ, ಗಾಡಿಯನ್ನು ಹಾಗೇ ಸಂದಿಯಿಂದ ಹೊರಗೆ ತಂದು ಮಹಾಗಾಂವಕ್ಕೆ ಹೊರಟೆವು. ಈ ಸಲ ಕರೀಂಸಾಬರೇ ಸ್ಟೇರಿಂಗಿಗೆ ಕೂತರು. ಅವರಷ್ಟು ನೆಟ್ಟಗೆ ಗಾಡಿ ಹೊಡೆಯುವವರು ಜಿಲ್ಲೆಯಲ್ಲಿ ಇರಲಿಲ್ಲ, ಆದರೂ ಕ್ರಾಸಿನ ಹತ್ತಿರ ಬರುವಾಗ ಗಾಡಿ ರಸ್ತೆಯ ಎರಡೂ ಅಂಚಿನವರಿಗೆ ಸಮನಾಗಿ ದರ್ಶನ ಕೊಡುತ್ತ ಬಂತು. ಕಟ್ಟೆಯ ಮೇಲಿದ್ದ ಹತ್ತು ಮಂದಿ ಎದ್ದು ನಿಂತರು. ಗಾಡಿ ಹೊಯ್ದಾಡಿ ನಿಂತು, ಒಳಗಿನಿಂದ ಬಿಳಿ ಗಡ್ಡದ ಕರೀಂಸಾಬರು ಇಳಿದರು. ಅಣವೀರಪ್ಪನವರ ಬಾಯಿ ತೆರೆದದ್ದು ಮುಚ್ಚಲಿಲ್ಲ.

"ಯಪ್ಪಾ! ಸಾಬ್ರ, ನೀವೂ ಶುರು ಮಾಡೀರೇನು?"

ಕಟ್ಟೆಯೆಲ್ಲ ನಕ್ಕಿತು. ಕರೀಂಸಾಬರು ನಗಲಿಲ್ಲ. "ಅಣವೀರಪ್ಪನೋರ, ನೋಡ್ರಿ" ಎಂದು ಮತ್ತೆ ಹತ್ತಿ, ಊರ ಕಡೆಗೆ ಹೋಗುವ ಅಡ್ಡ ರಸ್ತೆಯಲ್ಲಿ ಗಾಡಿಯನ್ನು ಹಿಂದಕ್ಕೆ ಬಿಟ್ಟು, ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡರು. ಗಾಡಿ ನೂರು ಹೆಜ್ಜೆ ನೆಟ್ಟಗೆ ಹಿಂದಕ್ಕೆ ಹೋಯಿತು. ಅದೇ ರೀತಿ ಕೈಬಿಟ್ಟು ಮುಂದಕ್ಕೆ ತಂದರು. ಹತ್ತು ಹೆಜ್ಜೆಗೆ ಭಜಿ ಅಂಗಡಿಯವನು ಬಾಣಲೆ ಬಿಟ್ಟು ಓಡಿದ. ಬ್ರೇಕು ಹಾಕಿ ಇಳಿದರು.

"ಹುಡುಗ ಕುಡದಿಲ್ಲ. ಗಾಡಿ ಸೊಟ್ಟ ಅದ. ತಪ್ಪು ನಂದು. ಬೆಣಿ ತಿರುಗಾಮುರುಗಾ ಕಟ್ಟೀನಿ."

ಅಣವೀರಪ್ಪನವರು ತಲೆಯಾಡಿಸಿದರು. "ಇಲ್ರಿ ಸಾಬ್ರ. ನೀವು ದೊಡ್ಡ ಮನಸ್ಸಿನವ್ರು. ಹುಡುಗನ ಸಂಸಾರ ಉಳಸಾಕ ನಿಮ್ಮ ಮ್ಯಾಲ ಹಾಕ್ಕೊಳ್ಳಾಕತ್ತೀರಿ. ಮೂವತ್ತೈದು ವರ್ಷದಾಗ ಕರೀಂಸಾಬ್ರು ತಪ್ಪ್ಯಾರಂತ ಯಾರು ಕೇಳ್ಯಾರ?"

"ನಾನೂ ಕೇಳಿದ್ದಿಲ್ರಿ. ಇವತ್ತ ಕೇಳೀನಿ."

"ನಾ ನಂಬಂಗಿಲ್ಲ."

ಸತ್ಯ ಹೇಳಿದರೆ ಯಾರೂ ನಂಬದಷ್ಟು ಒಳ್ಳೆಯ ಹೆಸರು ಮಾಡಿಕೊಂಡರೆ ಇದೇ ಗತಿ. ಕರೀಂಸಾಬರು ಗಾಡಿಯ ಕೆಳಗೆ ಗೋಣಿ ಹಾಸಿ, ಎರಡೂ ಕೈ ಜೋಡಿಸಿದರು. "ಸಾವ್ಕಾರ್ರ, ಬರ್ರಿ. ಮಲಕೋರಿ. ಕಣ್ಣೀಲೆ ನೋಡ್ರಿ."

ಆ ಧೋತರ ನಾನು ನೋಡಿದ ಧೋತರಗಳಲ್ಲೇ ಬಿಳಿಯದು. ಬಿಸಿಲಿಗೆ ಒಣಹಾಕಿದರೆ ಬಿಸಿಲೇ ಕಣ್ಣು ಮುಚ್ಚಿಕೊಳ್ಳುವಷ್ಟು. ಅಣವೀರಪ್ಪನವರು ಟೋಪಿ ತೆಗೆದು ಅಳಿಯನ ಕೈಗೆ ಕೊಟ್ಟರು. ವಾರದಿಂದ ಅವನ ಮುಖ ನೋಡದವರು ಅವನ ಕಡೆ ತಿರುಗಿದ್ದು ಆಗಲೇ ಮೊದಲು. ಗಾಡಿಯ ಕೆಳಗೆ ಸರಿದರು. ಹೊರಗೆ ಉಳಿದದ್ದು ಮುದುಕರ ನಾಲ್ಕು ಪಾದ. ಒಳಗಿನಿಂದ ಮಾತು ಕೇಳಿಸಿತು.

"ಇದು ಬೆಣಿ. ಇದು ದಪ್ಪ ಅಂಚು. ಇದು ನನ್ನ ಸುಣ್ಣ."

"ಹೂಂ. ನಿಮ್ಮ ಬೊಟ್ಟು ಊರಿಗೆಲ್ಲ ಗೊತ್ತದ."

"ದಪ್ಪಂದು ಹಿಂದ ಇರಬೇಕಾಗಿತ್ತು. ಈಗ ಮುಂದ ಅದ."

ಬೆಣೆಯ ಮೇಲೆ ಉಗುರು ಗೀಚಿದ ಸದ್ದು. ಆಮೇಲೆ ಅಣವೀರಪ್ಪನವರ ದನಿ, ಒಮ್ಮೆಲೇ ಏರಿದ್ದು: "ಅಯ್ಯೋ, ಇದು ನೇಗಲ ಬೆಣಿ ಇದ್ದಂಗೇ ಅದಲ್ರಿ! ನೇಗಲಿಗಿ ಬೆಣಿ ತಿರುಗಾ ಬಡದ್ರ ಕುಳ ನೆಲ ಹಿಡ್ಯಂಗಿಲ್ಲ, ಎತ್ತು ಎಷ್ಟು ಎಳದ್ರೂ ಸಾಲು ಡೊಂಕ. ಹೌದಲ್ಲೇನ್ರಿ?"

"ಹೌದ್ರಿ."

"ಆವಾಗ ನಾವು ಎತ್ತಿಗಿ ಬಡೀತೀವಿ."

"ಹೌದ್ರಿ."

ದೇವಿಂದ್ರಪ್ಪ ಮಾವನ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ನೆಲ ನೋಡುತ್ತಿದ್ದ.

ಇಷ್ಟರಲ್ಲಿ ಊರೊಳಕ್ಕೆ ಸುದ್ದಿ ಓಡಿತ್ತು. ಅದು ಓಡುವಾಗ ಅರ್ಧ ಕೆಳಗೆ ಚೆಲ್ಲಿ, 'ಅಣವೀರಪ್ಪ ಅಳಿಯನ ಗಾಡಿ ಕೆಳಗ ಬಿದ್ದಾನ' ಎಂಬುದಷ್ಟೇ ಮನೆ ಮುಟ್ಟಿತು. ಅಂಬಮ್ಮ ಹಿಟ್ಟಿನ ಕೈಯಲ್ಲೇ, ಬರಿಗಾಲಲ್ಲೇ ಓಡಿ ಬಂದಳು. ಬಂದು ನೋಡಿದರೆ ಗಾಲಿಯ ಪಕ್ಕ ಅಪ್ಪನ ಪಾದ.

"ಯಪ್ಪಾ!" ಎಂದು ಚೀರಿದಳು.

"ಏನವಾ?" ಎಂದ ಅಪ್ಪ ಕೆಳಗಿನಿಂದಲೇ. "ಲಗೂ ಬಾ, ನೀನೂ ನೋಡು. ಭಾಳ ಚೆಂದದ."

ಅಂಬಮ್ಮ ಅಲ್ಲೇ ಕೂತುಬಿಟ್ಟಳು. ನಗುವೋ ಅಳುವೋ ಆಕೆಗೇ ತಿಳಿಯಲಿಲ್ಲ. ಅಣವೀರಪ್ಪನವರು ಹೊರಗೆ ಬಂದರು. ಧೋತರ ಈಗ ಕರೀಂಸಾಬರ ಗೋಣಿಗೆ ತಮ್ಮನಾಗಿತ್ತು. ಅಳಿಯನ ಎದುರು ನಿಂತು, ಅವನ ಕೈಯಿಂದ ಟೋಪಿ ತೆಗೆದುಕೊಳ್ಳಲು ಹೋಗಿ, ಟೋಪಿ ಬಿಟ್ಟು ಕೈಯನ್ನೇ ಹಿಡಿದುಕೊಂಡರು.

"ನಾ ಎತ್ತಿಗಿ ಬಡದೆ ದೇವಿಂದ್ರಪ್ಪಾ" ಅಂದರು. ಅಷ್ಟೇ ಅಂದದ್ದು.

ಕರೀಂಸಾಬರು ಅಲ್ಲೇ, ಕಟ್ಟೆಯ ನೆರಳಿನಲ್ಲಿ, ಇಡೀ ಕ್ರಾಸಿನ ಎದುರು ಜಾಕು ಏರಿಸಿ ಬೋಲ್ಟು ಸಡಿಲಿಸಿದರು. ಮೂಡಣ ಪಡುವಣ ನೋಡಲಿಲ್ಲ. ಎರಡೂ ಬೆಣೆ ಹೊರಗೆ ತೆಗೆದು, ಸುಣ್ಣದ ಬೊಟ್ಟನ್ನು ಅಂಗಿಯ ತುದಿಯಿಂದ ಒರೆಸಿ, ತಿರುಗಿಸಿ ಕೂಡಿಸಿ, ಬಿಗಿದರು. ಒಂದೂವರೆ ತಾಸು ಹಿಡಿಯಿತು. ಬಂದು ಹೋದವರೆಲ್ಲ "ಏನಾಗಿತ್ರಿ?" ಎಂದು ಕೇಳಿದರು. ಕೇಳಿದವರಿಗೆಲ್ಲ ಅವರು ಕೆಳಗಿನಿಂದ ಒಂದೇ ದನಿಯಲ್ಲಿ, "ನಾ ಸೊಟ್ಟ ಕಟ್ಟಿದ್ದೆ, ಈಗ ನೆಟ್ಟಗ ಕಟ್ಟಾಕತ್ತೀನಿ" ಅಂದರು. ಆ ಮಾತು ಮೊದಲ ಸಲ ಹೇಳುವಾಗ ಅವರು ಅರ್ಧಕ್ಕೆ ತಡವರಿಸಿ ಮತ್ತೆ ಮೊದಲಿನಿಂದ ಶುರು ಮಾಡಿದ್ದು ನನಗೆ ಕೇಳಿಸಿತು. ಇಪ್ಪತ್ತನೆಯ ಸಲಕ್ಕೆ ಅದು ಬೀದಿಯಲ್ಲಿ ಸೊಪ್ಪು ಮಾರುವವಳ ಕೂಗಿನಷ್ಟು ಸಲೀಸಾಗಿತ್ತು.

ಅತ್ತ ಗಂಡ ಹೆಂಡತಿ ಮಾತಾಡುತ್ತಿದ್ದರು.

"ಗಾಡಿದೇ ತಪ್ಪಂತ ನೀವು ಅವತ್ತೇ ಹೇಳಬಾರದಿತ್ತೇನ್ರಿ?"

"ಉಸ್ತಾದ್ರು ಕಟ್ಟಿದ್ದು. ತಪ್ಪಂತ ಹ್ಯಾಂಗ ಹೇಳಲಿ?"

"ಹಂಗಂತ ಕುಡುಕ ಅನಸ್ಕೊಂಡ್ರಿ? ನಿಮ್ಮಂಥ ಹೆಡ್ಡನ್ನ ನಾ ಕಂಡಿಲ್ಲ." ಹಾಗೆ ಬೈಯುತ್ತಲೇ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಗಾಡಿ ಹತ್ತಿ ಕೂತಳು. ಬಟ್ಟೆಯ ಗಂಟು ಆಮೇಲೆ ಬಂತು.

ಗಾಡಿ ಕಮಲಾಪುರದ ಕಡೆ ಹೊರಟಿತು. ನಾವೆಲ್ಲ ರಸ್ತೆಯ ನಡುವೆ ನಿಂತು ನೋಡಿದೆವು. ಐವತ್ತು ಮಾರು ಹೋಗಿರಬೇಕು, ಗಾಡಿ ಎಡಕ್ಕೆ ಹೊಯ್ದಾಡಿತು. ಆಮೇಲೆ ಬಲಕ್ಕೆ. ಮತ್ತೆ ಎಡಕ್ಕೆ. ಅಣವೀರಪ್ಪನವರು ಮೆಲ್ಲಗೆ ಕರೀಂಸಾಬರ ಕಡೆ ತಿರುಗಿದರು.

"ಇದು ಗಾಡಿದಲ್ರಿ" ಎಂದರು ಕರೀಂಸಾಬರು, ಕಣ್ಣು ತೆಗೆಯದೆ. "ಹತ್ತು ದಿನ ಸೊಟ್ಟ ಗಾಡಿ ಹೊಡದ ಕೈ. ಅದು ರೂಢಿ ಪ್ರಕಾರ ಎಳ್ಯಾಕತ್ತದ. ನನ್ನ ಬೊಟ್ಟಿನಂಗ."

ಮುಂದೆ ಗಾಡಿಯೊಳಗೆ ಅಂಬಮ್ಮ, "ಹಿಡಕೊಂಡು ಒದ್ದಾಡಬ್ಯಾಡ್ರಿ, ಸಡ್ಲ ಬಿಡ್ರಿ, ತಾನೇ ಹೋಗ್ತದ" ಅಂದಳಂತೆ. ಆಮೇಲೆ ಅವಳೇ ಹೇಳಿದ್ದು. ಅವನು ಸಡಿಲ ಬಿಟ್ಟ. ಗಾಡಿ ಒಮ್ಮೆ ಮೈ ಕೊಡವಿ ನೆಟ್ಟಗಾಯಿತು, ದಾರ ಎಳೆದ ಹಾಗೆ ರಸ್ತೆಯ ನಡುವೆ ಹೋಗುತ್ತ ಚಿಕ್ಕದಾಯಿತು. ಕಿಟಕಿಯಿಂದ ಒಂದು ಕೈ ಹೊರಗೆ ಬಂದು ಮಾವನಿಗೆ ನಮಸ್ಕಾರ ಮಾಡಿತು. ಕರೀಂಸಾಬರು ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ, ಗಾಡಿ ಕಾಣದಾಗುವ ತನಕ ನೋಡಿದರು.

ಆಮೇಲೆ ಅವರ ಗಿರಾಕಿ ಕಡಿಮೆಯಾದೀತು ಎಂದು ನಾನು ಹೆದರಿದ್ದೆ, ಆಗಲಿಲ್ಲ. ಬೊಟ್ಟಿಡುವುದನ್ನೂ ಅವರು ಬಿಡಲಿಲ್ಲ, ಫರೀದಾಬಿಯವರ ಸುಣ್ಣ ಉಳಿಯಲೂ ಇಲ್ಲ. ಬದಲಾದದ್ದು ಒಂದೇ. ಯಾವ ಗಾಡಿ ಬಂದರೂ ಮೊದಲು ಅದರ ಎದುರಿಗೆ ಹೋಗಿ, ಬಾನೆಟ್ಟಿನ ಮೇಲೆ ಅಂಗೈ ಇಟ್ಟು, "ಇದು ಮುಖ" ಎಂದು ಗಟ್ಟಿಯಾಗಿ ಹೇಳಿ, ಆಮೇಲೆ ಬೆರಳನ್ನು ಸುಣ್ಣಕ್ಕೆ ಅದ್ದುತ್ತಿದ್ದರು. ಹೊಸಬರು ಇದು ಯಾವುದೋ ಮಂತ್ರವೆಂದು ತಿಳಿದು ಟೋಪಿ ತೆಗೆಯುತ್ತಿದ್ದರು.

ಮುಂದಿನ ಉರುಸಿಗೆ ದೇವಿಂದ್ರಪ್ಪ ಒಂದು ಗೊನೆ ಕೆಂಪು ಬಾಳೆ ತಂದ. ಮುಂದಿನ ಸೀಟಿನಲ್ಲಿ ಅಂಬಮ್ಮ, ಅವಳ ತೊಡೆಯ ಮೇಲೆ ಮೂರು ತಿಂಗಳ ಕೂಸು. ಓಣಿಯಲ್ಲಿ ಆ ಸಲ ದಾರಿ ಇತ್ತು. ಆದರೂ ಅವನು ಬೇಕೆಂದೇ ಸುತ್ತು ಹಾಕಿ, ಹಿಂದಿನ ತಗಡಿನ ಬಾಗಿಲಿನಿಂದ ಗಾಡಿ ನುಗ್ಗಿಸಿ, ಮೂಡಣಕ್ಕೆ ಮುಖ ಮಾಡಿ ನಿಲ್ಲಿಸಿ, ಹಲ್ಲು ಕಿಸಿದ.

"ಉಸ್ತಾದ್ರಿ, ನೋಡ್ರಿ, ಯಾವ ಕಡಿ ಮುಖ?"

ಕರೀಂಸಾಬರು ಇನ್ನೊಂದು ಗಾಡಿಯ ಕೆಳಗಿನಿಂದ ಎದ್ದು ಬಂದು, ಬಾನೆಟ್ಟನ್ನು ಬಿಟ್ಟು, ಕಿಟಕಿಯೊಳಗೆ ಕೈ ಹಾಕಿ ಸುಣ್ಣದ ಬೆರಳಿನಿಂದ ಕೂಸಿನ ಗಲ್ಲಕ್ಕೆ ಒಂದು ಬೊಟ್ಟಿಟ್ಟರು.

"ಇದು ಮುಖ" ಅಂದರು.